ಒಂದು ಕೈಗೆ ಒಂದು ಚೂರು

ಬಿಡುಗಾಳಿ ಏಳುವ ದಿನಗಳಲ್ಲಿ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಒಲೆಯ ಮುಂದೆ ಕೂತರೆ ಕಾಲು ಬಾಗಿಲ ಕಡೆ ಎಳೆಯುತ್ತದೆ, ಬಾಗಿಲಿಗೆ ಬಂದರೆ ಕಣ್ಣು ಮೇಲುಪೇಟೆಯ ಕಡೆ ಓಡುತ್ತದೆ. ಅಲ್ಲಿ ಅಂಗಡಿಗಳ ಹಲಗೆಗಳ ಮೇಲೆ, ಮನೆಗಳ ಬಾಗಿಲವಾಡದ ಮೇಲೆ, ಶಾಲೆಯ ಗೋಡೆಯ ಮೇಲೆ ಬರೆದಿಟ್ಟ ಮಾತುಗಳು ಗಾಳಿ ಬಡಿದೊಡನೆ ಸಡಿಲಾಗುತ್ತವೆ. ಎಲ್ಲೆಂದರಲ್ಲಿ ಮುರಿಯುವುದಿಲ್ಲ. ಕೂಡಿದಲ್ಲೇ ಬಿಡುತ್ತವೆ. ‘ಬಳೆಗಾರ’ ಎಂದು ಬರೆದಿದ್ದರೆ ‘ಬಳೆ’ ಒಂದು ಕಡೆ, ‘ಗಾರ’ ಇನ್ನೊಂದು ಕಡೆ ಬೀದಿಗೆ ಬಂದು ಬೀಳುತ್ತವೆ. ಬಿದ್ದ ಚೂರು ಅಂಗೈಯಷ್ಟು ಅಗಲ, ಹೆಂಚಿನಷ್ಟು ಗಟ್ಟಿ. ತಲೆಯ ಮೇಲೆ ಬಿದ್ದರೆ ಬುಗುಟೆ ಏಳುತ್ತದೆ.

ಗುಡಿಸುವವರು ನಾವು, ಕೆಳಗೇರಿಯವರು. ಬಿದ್ದದ್ದನ್ನು ಆರಿಸಿ ಮೇಲುಪೇಟೆಯ ಕೂಡುಗಟ್ಟೆಗೆ ಒಯ್ದು ಒಪ್ಪಿಸಬೇಕು. ಅಲ್ಲಿ ಕೂಡಿಸುವವರು ಗಾದಿಯ ಮೇಲೆ ಕೂತು ಚೂರಿಗೆ ಚೂರು ಹಚ್ಚಿ ಮತ್ತೆ ಮಾತು ಮಾಡಿ ಹಲಗೆಗೆ ಏರಿಸುತ್ತಾರೆ. ಕೆಳಗೇರಿಯವರ ಕೈಯಲ್ಲಿ ಎರಡು ಚೂರು ಎಂದೂ ಸೇರಬಾರದು ಎಂಬುದು ನೇಮ. ಬುಟ್ಟಿಗೆ ಹಾಕುವಂತಿಲ್ಲ, ಉಡಿಗೆ ಹಾಕುವಂತಿಲ್ಲ. ಒಂದು ಚೂರು ಹಿಡಿದು ಏರು ಹತ್ತಬೇಕು, ಇಟ್ಟು ಇಳಿಯಬೇಕು, ಇನ್ನೊಂದು ಹಿಡಿದು ಮತ್ತೆ ಹತ್ತಬೇಕು. ನೇಮ ತಪ್ಪಬಾರದೆಂದು ನಮ್ಮ ಎಡಗೈಯನ್ನು ಬೆನ್ನ ಹಿಂದೆ ನಡುಪಟ್ಟಿಗೆ ತೊಗಲಿನ ಬಾರಿನಿಂದ ಕಟ್ಟಿಬಿಡುತ್ತಾರೆ. ಹಾಲುಹಲ್ಲು ಬಿದ್ದು ಮುಂದಿನ ಹೊಸಹಲ್ಲು ಬಂದ ವರ್ಷ ಮಗುವಿಗೆ ಕೈಗಟ್ಟು. ಆ ಗಂಟು ಬಿಚ್ಚುವುದು ಮಣ್ಣಿಗೆ ಇಡುವಾಗ.

ಒಂದು ಕೈಯಲ್ಲಿ ಬದುಕುವುದಕ್ಕೆ ನಾವು ಎಷ್ಟು ಚೆನ್ನಾಗಿ ಒಗ್ಗಿದ್ದೆವೆಂದರೆ, ಈಗ ನೆನೆದರೆ ಮೈ ಉರಿಯುತ್ತದೆ. ನಮ್ಮಲ್ಲಿ ಒಂದು ತಲೆ ಹೆಣೆಯಲು ಇಬ್ಬರು ಹೆಂಗಸರು ಬೇಕಿತ್ತು. ಅತ್ತೆ ಹಿಟ್ಟು ಒತ್ತಿದರೆ ಸೊಸೆ ಪರಾತ ಹಿಡಿಯುತ್ತಿದ್ದಳು. ಜಗಳ ಬಂದರೆ ಒಂದೇ ಕೈಯಲ್ಲಿ ಹೊಡೆದಾಡುತ್ತಿದ್ದೆವು, ಅದಕ್ಕೇ ನಮ್ಮ ಜಗಳಗಳು ಬೇಗ ಮುಗಿಯುತ್ತಿರಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಬೇಕೆಂದರೆ ಪಕ್ಕದವರ ಅಂಗೈ ಹುಡುಕುತ್ತಿದ್ದರು. ಇಬ್ಬರ ಕೈ ಸೇರಿದರೆ ಆಗದ ಕೆಲಸ ನಮ್ಮ ಕೇರಿಯಲ್ಲಿ ಒಂದೂ ಇರಲಿಲ್ಲ. ಗಂಟಿಗೆ ಮಾತ್ರ ಯಾರೂ ಕೈ ಹಾಕಿರಲಿಲ್ಲ. ಕೆಳಗೇರಿಯ ಒಂದು ಗಂಟು ಬಿಚ್ಚಿದರೂ ಊರಿನ ಅಕ್ಷರವೆಲ್ಲ ಒಮ್ಮೆಗೇ ಉದುರಿ, ಯಾರಿಗೂ ಹೆಸರು ಉಳಿಯುವುದಿಲ್ಲ ಎಂದು ಮೇಲುಪೇಟೆಯವರು ಹೇಳುತ್ತಿದ್ದರು. ಅದನ್ನು ಅವರಿಗಿಂತ ಗಟ್ಟಿಯಾಗಿ ನಂಬಿದವರು ನಾವು.

ಚೂರುಗಳ ಬಗ್ಗೆ ನಮಗೆ ತಿಳಿದದ್ದೂ ಅಷ್ಟಕ್ಕಷ್ಟೇ. ಕಟ್ಟೆಯ ಮೇಲೆ ಇಳಿಸುವಾಗ ಕೂಡಿಸುವವರು “ಗಾರ ತಂದ್ಯಾ? ಆ ಕಡೆ ಇಡು. ತನ ತಂದ್ಯಾ? ಈ ಕಡೆ ಇಡು” ಎನ್ನುತ್ತಿದ್ದರು, ಹಾಗೆ ಒಂದೊಂದರ ಸದ್ದು ಕಿವಿಗೆ ಬಿದ್ದಿತ್ತು. ಅರ್ಥ ಮಾತ್ರ ನಾವೇ ಹಚ್ಚಿಕೊಂಡದ್ದು, ಅದೂ ಬಿದ್ದ ಜಾಗ ನೋಡಿ. ‘ಗಾರ’ ಯಾವಾಗಲೂ ಅಂಗಡಿಗಳ ಮುಂದೆ ಸಿಗುತ್ತಿತ್ತು, ಹಾಗಾಗಿ ಗಾರ ಎಂದರೆ ಅಂಗಡಿ. ‘ತನ’ ಶಾಲೆಯ ಗೋಡೆಯಿಂದ ಬೀಳುತ್ತಿತ್ತು, ಹಾಗಾಗಿ ತನ ಎಂದರೆ ಗೋಡೆ. ನನ್ನ ಅತ್ತೆ ಮರಿಯವ್ವ ಇವತ್ತಿಗೂ “ಆ ತನಕ್ಕ ಒರಗಿ ಕುಂದರಬ್ಯಾಡ, ಬೆನ್ನಿಗೆ ಸುಣ್ಣ ಹತ್ತತೈತಿ” ಎನ್ನುತ್ತಾಳೆ. ಮೇಲುಪೇಟೆಯವರು ಇದನ್ನು ಕೇಳಿ ಹೊಟ್ಟೆ ಹಿಡಿದು ನಗುತ್ತಿದ್ದರು. ನಗಲು ಅವರಿಗೆ ಎರಡು ಕೈ ಇದ್ದವು.

ಹೋದ ವರ್ಷದ ಗಾಳಿಯಲ್ಲಿ ನನ್ನ ಕೈಯಲ್ಲಿ ‘ಬಳೆ’ ಇತ್ತು. ನನ್ನ ಹಿಂದೆ ಏರು ಹತ್ತುತ್ತಿದ್ದ ನೆರೆಮನೆಯ ಭರಮಪ್ಪನ ಕೈಯಲ್ಲಿ ‘ಗಾರ’. ಭರಮಪ್ಪ ಎಂದರೆ ಹೆಣದ ಮುಂದೆಯೂ ನಗೆಮಾತು ಆಡುವ ಮನುಷ್ಯ. ಗಾಳಿ ದೂಡಿದ ಹೊಡೆತಕ್ಕೆ ಅವನು ಮುಗ್ಗರಿಸಿದ, ಅವನ ಚೂರು ನನ್ನ ಚೂರಿಗೆ ತಾಗಿತು. ಬಾಗಿಲ ಅಗಳಿ ಬಿದ್ದಂತೆ ಸದ್ದಾಯಿತು. ನೋಡಿದರೆ ನಡುವೆ ಗೆರೆಯೂ ಇಲ್ಲ. ಒಂದೇ ಮಾತು, ಆ ತುದಿಗೆ ಅವನು, ಈ ತುದಿಗೆ ನಾನು.

“ದುರುಗವ್ವಾ, ಬಿಡಬ್ಯಾಡ ಬೇ, ಬಿಟ್ಟರ ನನ್ನ ಒಂದ ಕೈಯಾಗ ಎರಡೂ ಬರತಾವ!” ಎಂದ ಭರಮಪ್ಪ. ಮುಖ ಬೂದಿಯಾಗಿತ್ತು. ಮರುಗಳಿಗೆಗೆ ಅದೇ ಮುಖದಲ್ಲಿ, “ಈಗ ನಾವಿಬ್ಬರೂ ಸೇರಿ ಒಂದು ಬಳಿ ಅಂಗಡಿ ಆದ್ವಿ ನೋಡು” ಎಂದ.

ಬೇಲಿಯ ಮರೆಗೆ ಹೋಗಿ ಎಳೆದಾಡಿ ಬಿಡಿಸಿಕೊಂಡೆವು. ಆದರೆ ನನ್ನೊಳಗೆ ಸೇರಿಕೊಂಡದ್ದು ಬಿಡಲಿಲ್ಲ. ನನ್ನ ಕೈಯಲ್ಲಿ ಒಂದೇ ಇತ್ತು. ಅವನ ಕೈಯಲ್ಲೂ ಒಂದೇ. ನೇಮ ಎಲ್ಲಿ ಮುರಿಯಿತು? ಕಸ ಹೊಡೆಯುವಾಗ, ನೀರು ತರುವಾಗ, ಊಟಕ್ಕೆ ಕೂತಾಗ ಅದೇ ಪ್ರಶ್ನೆ. ನನ್ನ ಮಗಳು ಹುಲಿಗಿಗೆ ಮುಂದಿನ ಹಲ್ಲು ಆಗಲೇ ಅಲುಗಾಡುತ್ತಿತ್ತು. ನಾಲಿಗೆಯಿಂದ ಅದನ್ನು ತಳ್ಳುತ್ತ, ಎರಡೂ ಕೈ ಬೀಸಿಕೊಂಡು ಅವಳು ಅಂಗಳದ ತುಂಬ ಓಡಾಡುವಾಗ ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಕೈಗಟ್ಟಿನ ದಿನ ಕೂಡುಗಟ್ಟೆಯಲ್ಲಿ ಒಂದು ಶಾಸ್ತ್ರವಿದೆ. ಕಟ್ಟುವ ಮುಂಚೆ ಮಗುವಿನ ಮುಂದೆ ತಟ್ಟೆಯಲ್ಲಿ ಮೂರು ಚೂರು ಇಟ್ಟು, “ಕೂಡಿಸಬಲ್ಲೆಯಾ?” ಎಂದು ಕೇಳುತ್ತಾರೆ. ಕೂಡಿಸಿ, ಆದ ಮಾತಿನ ಅರ್ಥ ಹೇಳಿದರೆ ಕೈ ಕಟ್ಟುವುದಿಲ್ಲ. ಆದರೆ ಚೂರು ಮುಟ್ಟಿಯೇ ಇರದ ಮಗು ಏನು ಕೂಡಿಸೀತು? “ಅರಿಯೆ” ಎನ್ನಬೇಕೆಂದು ತಾಯಂದಿರೇ ಮನೆಯಲ್ಲಿ ಬಾಯಿಪಾಠ ಮಾಡಿಸಿ ಕಳಿಸುತ್ತಿದ್ದೆವು. ನನಗೂ ನನ್ನವ್ವ ಹಾಗೇ ಮಾಡಿಸಿದ್ದಳು, ತಲೆಗೆ ಎಣ್ಣೆ ಹಚ್ಚುತ್ತ. ನನ್ನ ಮಗಳ ಬಾಯಿಗೆ ಆ ಮಾತು ಹಾಕಬಾರದು ಎಂದು ಹಟ ಹಿಡಿದೆ.

ಹಾಳುಬಿದ್ದ ಸುಣ್ಣದ ಗೂಡಿನ ಹಿಂದೆ ಶುರುವಾಯಿತು ನಮ್ಮ ಶಾಲೆ. ಮಧ್ಯಾಹ್ನ ಮೇಲುಪೇಟೆ ಉಂಡು ಮಲಗಿರುವ ಹೊತ್ತು. ಕೈ ಕಟ್ಟಿಸಿಕೊಂಡ ಹುಡುಗ ಹುಡುಗಿಯರು ಕಟ್ಟೆಗೆ ಒಯ್ಯುವ ಚೂರುಗಳನ್ನು ಸ್ವಲ್ಪ ಹೊತ್ತು ಇಲ್ಲಿ ತಂಗಿಸುತ್ತಿದ್ದರು. ಒಬ್ಬರಿಗೆ ಒಂದೇ ಚೂರು. ಹುಲಿಗಿಗೂ ಒಂದೇ. ಪಕ್ಕಪಕ್ಕ ನಿಲ್ಲಿಸಿ ತಾಗಿಸಿದರೆ ಮಾತು ಆಗುತ್ತಿತ್ತು, ಕೆಲವು ಆಗುತ್ತಿರಲಿಲ್ಲ. ‘ಬಳೆ’ಗೆ ‘ತನ’ ಹಚ್ಚಿದರೆ ಎರಡೂ ಮುಖ ತಿರುಗಿಸಿಕೊಂಡು ನಿಲ್ಲುತ್ತಿದ್ದವು. ‘ಕಳ್ಳ’ನಿಗೆ ಹಚ್ಚಿದರೆ ತಟ್ಟನೆ ಕಚ್ಚಿಕೊಂಡವು.

“ಕಳ್ಳತನ!” ಎಂದು ಕಿರುಚಿದಳು ಹುಲಿಗಿ. “ಯವ್ವಾ, ತನ ಅಂದ್ರ ಗ್ವಾಡಿ ಅಲ್ಲ ಬೇ! ಕಳ್ಳ ಇರೂ ರೀತಿ. ದೊಡ್ಡತನ ಅಂದ್ರ ದೊಡ್ಡವ್ರು ಇರೂ ರೀತಿ.”

“ಹಂಗಾರ ಗಾರ ಅಂದ್ರ?” ಎಂದೆ. ನಾನು ಕಲಿಸುವವಳಾದರೂ ನನಗೂ ಆಗಲೇ ತಿಳಿಯುತ್ತಿದ್ದದ್ದು.

‘ಮೋಸ’ ಹಿಡಿದು ಬಂದಿದ್ದ ಹುಡುಗಿಯ ಪಕ್ಕ ‘ಗಾರ’ ಹಿಡಿದವಳು ನಿಂತಳು. ಮೋಸಗಾರ ಆಯಿತು. ಹುಲಿಗಿ ಹುಬ್ಬು ಗಂಟಿಕ್ಕಿ ಯೋಚಿಸಿದಳು. “ಅಂಗಡಿ ಅಲ್ಲ. ಅದನ್ನ ಮಾಡಾಂವ. ಬಳಿ ಮಾರಾಂವ ಬಳೆಗಾರ, ಮೋಸ ಮಾಡಾಂವ ಮೋಸಗಾರ.”

“ಒಂದೊಂದು ಸಲ ಎರಡೂ ಒಂದ ಅಂಗಡ್ಯಾಗ ಸಿಗತಾವ ಬಿಡು” ಎಂದ ಭರಮಪ್ಪ. ಅವನು ಕಾವಲಿಗೆಂದು ಬಂದು ಕೂರುತ್ತಿದ್ದ. ಕಾವಲು ಬಿಟ್ಟು ಪಾಠವನ್ನೇ ಕೇಳುತ್ತಿದ್ದ.

ಕೂಡುವ ಜಾಗವೇ ಮಕ್ಕಳಿಗೆ ದೊಡ್ಡ ಆಟ. ‘ಊರು’ ‘ಊರು’ ತಾಗಿಸಿದರೆ ಮೊದಲನೆಯದರ ಕೊಂಬು ಕಳಚಿ ಪುಡಿಯಾಗಿ ಉದುರಿ ‘ಊರೂರು’ ಆಗುತ್ತಿತ್ತು. ‘ಮನೆ’ಗೆ ‘ಅನ್ನು’ ಹಚ್ಚಿದರೆ ಇಬ್ಬರೂ ದೂರ ನಿಂತು, ನಡುವೆ ಎಲ್ಲಿಂದಲೋ ಒಂದು ‘ಯ’ ಬಂದು, ಮದುವೆ ಮನೆಗೆ ಕರೆಯದೆ ಬಂದ ನೆಂಟನಂತೆ ಜಾಗ ಮಾಡಿಕೊಂಡು ಕೂರುತ್ತಿತ್ತು. ಎಲ್ಲಿ ಉದುರುತ್ತದೆ, ಎಲ್ಲಿ ಬಂದು ಸೇರುತ್ತದೆ ಎಂದು ಮಕ್ಕಳು ಕಣ್ಣು ಮುಚ್ಚಿಕೊಂಡು ಹೇಳತೊಡಗಿದರು. ‘ಗಾರ’ದಂಥ ಒಂದು ಬಾಲ ತಿಳಿದರೆ ಹತ್ತು ಮಾತು ಹಿಂದೆ ಬರುತ್ತಿದ್ದವು. ಸದ್ದು ತಿಳಿದ ಚೂರುಗಳಿಂದ ಒಂದೊಂದೇ ಅಕ್ಷರವನ್ನೂ ಗುರುತು ಹಿಡಿದರು. ನಮ್ಮನ್ನು ಮೇಲುಪೇಟೆಯವರು ಎಷ್ಟು ಹಸಿವಿನಲ್ಲಿ ಇಟ್ಟಿದ್ದರೆಂದು ಆ ಮಕ್ಕಳು ಮಾತು ಕೂಡಿಸುವುದನ್ನು ನೋಡಿದಾಗ ಗೊತ್ತಾಯಿತು. ಅನ್ನ ಕಂಡವರ ಹಾಗೆ ಮೈಮೇಲೆ ಬಿದ್ದು ಕೂಡಿಸುತ್ತಿದ್ದರು.

ಅತ್ತೆಗೆ ಇದು ಸೇರಲಿಲ್ಲ. ಮರಿಯವ್ವನ ಎಡಗೈ ಕಟ್ಟಿ ಕಟ್ಟಿ ಒಣಗಿ ಹೋಗಿದೆ. ಬೆನ್ನಿಗೆ ಅಂಟಿದ ಹುಣಸೆಕೊಂಬೆಯಂತೆ. “ನಿನಗ ಕಾಲು ಒಂದ ಕಡೆ ನಿಂದ್ರೂದಿಲ್ಲ, ಮನಸ್ಸೂ ನಿಂದ್ರೂದಿಲ್ಲ” ಎಂದು ಬೈದಳು. “ಕೈ ಹೋದ್ರ ಹೋತು. ನಾ ಬದುಕಿಲ್ಲೇನು? ಊರ ಹೆಸರೆಲ್ಲ ಉದುರಿದ್ರ ಯಾರು ಹೊಣಿ?”

“ಅತ್ತೀ, ನಿನ್ನ ಕೈಗೆ ಯಾರು ಹೊಣಿ?” ಎಂದೆ. ಅವಳು ಎದ್ದು ಹೋಗಿ ತನಕ್ಕೆ ಒರಗಿ ಕೂತಳು. ಗೋಡೆಗೆ.

ಹಲ್ಲು ಬಿತ್ತು. ಹೊಸದು ಎದ್ದಿತು. ಕೈಗಟ್ಟಿಗೆ ಕೆಲವೇ ದಿನ ಇರುವಾಗ ಹುಲಿಗಿಯನ್ನು ಕರೆದುಕೊಂಡು ಮೇಲುಪೇಟೆಯಲ್ಲಿ ಹೋಗುತ್ತಿದ್ದೆ. ಹೊಸ ಕಟ್ಟಡವೊಂದರ ನೆತ್ತಿಗೆ ಹೊಸ ಹಲಗೆ ಏರಿತ್ತು. ನಾನು ಅವಳ ಬಾಯಿ ಮುಚ್ಚುವಷ್ಟರಲ್ಲಿ ಓದಿಬಿಟ್ಟಳು: “ಔಷಧಾಲಯ. ಯವ್ವಾ, ದೇವಾಲಯ ದೇವರ ಮನಿ, ವಿದ್ಯಾಲಯ ವಿದ್ಯಾದ ಮನಿ. ಇಲ್ಲಿ ಔಷಧ ಐತಿ!”

ಹಿಂದೆ ಕೆಮ್ಮಿದ ಸದ್ದು. ಗುರುಪಾದಪ್ಪ, ಕೂಡಿಸುವವರ ಹಿರಿಯ. “ಯಾರು ಹೇಳಿಕೊಟ್ಟರು ಮಗಳ?” ಎಂದು ಬಾಗಿ ಕೇಳಿದರು.

“ಯಾರೂ ಇಲ್ರಿ. ಅದ ಹೇಳತೈತಿ.”

“ಜಾಣಿ ಇದ್ದೀ” ಎಂದು ಅವಳ ಕೆನ್ನೆ ಚಿವುಟಿ ನಕ್ಕರು. ಬೈದಿದ್ದರೆ ನಾನು ನೆಮ್ಮದಿಯಾಗಿ ಇರುತ್ತಿದ್ದೆನೋ ಏನೋ. ಆ ನಗುವನ್ನು ನೋಡಿದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ. ಗೂಡಿನ ಹಿಂದೆ ಪಾಠ ಇನ್ನೂ ಹೆಚ್ಚು ಮಾಡಿಸಿದೆ. ಹುಲಿಗಿಯೇ ಬೇಸತ್ತು, “ಸಾಕು ಬಿಡ ಯವ್ವಾ, ನನಗ ಬರತೈತಿ, ನಿನಗ ಬರವಲ್ದು” ಎಂದಳು.

ಕೈಗಟ್ಟಿನ ದಿನ ಬೆಳಗಿನಿಂದಲೇ ಆಕಾಶ ಹಳದಿಯಾಗಿತ್ತು, ಗಾಳಿ ಎದ್ದೂ ಏಳದ ಹಾಗೆ. ಕೂಡುಗಟ್ಟೆಯ ಮೇಲೆ ಮೇಲುಪೇಟೆಯವರು, ಕೆಳಗೆ ಮಣ್ಣಿನಲ್ಲಿ ನಾವು. ಆ ವರ್ಷ ಹಲ್ಲು ಬಂದದ್ದು ಹುಲಿಗಿ ಒಬ್ಬಳಿಗೇ. ತಟ್ಟೆ ಬಂತು. ಮೂರು ಚೂರು ಕಂಡವು. ಹುಲಿಗಿ ಅವುಗಳ ಮೇಲೆ ಕಣ್ಣು ಹಾಯಿಸಿ ನನ್ನ ಕಡೆ ತಿರುಗಿ ನಕ್ಕಳು. ಅವಳಿಗೆ ಬರುತ್ತಿತ್ತು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

“ಮೊದಲ ಕೈ ಕಟ್ಟರಿ” ಎಂದರು ಗುರುಪಾದಪ್ಪ. “ಆಮ್ಯಾಲ ಕೇಳೂಣು.”

ನಾನು ಕೂಗಿದೆ. “ಧಣೇರ, ಕೇಳೂದು ಮೊದಲ ಅಲ್ಲೇನ್ರಿ! ನನಗ ಹಂಗ ಕೇಳಿದ್ರಿ, ನಮ್ಮವ್ವಗ ಹಂಗ ಕೇಳಿದ್ರಿ!”

“ಶಾಸ್ತ್ರದಾಗ ಕೇಳಬೇಕು ಅಂತ ಐತಿ. ಮೊದಲೋ ಆಮ್ಯಾಲೋ ಅಂತ ಎಲ್ಲೈತಿ?” ಎಂದರು. “ನೀವು ಏನೂ ಓದಬಾರದು ಅಂದ್ರ ಓದೀರಿ. ಇದನ್ನೂ ಓದಿ ತೋರಸು.”

ಮೇಲೆ ನಗು ಎದ್ದಿತು. ಇಬ್ಬರು ಹಿಡಿದುಕೊಂಡರು, ಹಸಿ ಬಾರಿನಿಂದ ನನ್ನ ಮಗಳ ಎಡಗೈಯನ್ನು ಬೆನ್ನಿಗೆ ಸುತ್ತಿ ಬಿಗಿದರು. ಹಸಿ ತೊಗಲು ಒಣಗಿದಷ್ಟೂ ಕಲ್ಲಾಗುತ್ತದೆ, ಅದು ನಮಗೆಲ್ಲ ಗೊತ್ತು. ಅವಳು ಅಳಲಿಲ್ಲ. ಆ ಕೈಯನ್ನು ಯಾರೋ ಕದ್ದರೇನೋ ಎಂಬಂತೆ ಹಿಂದೆ ಹಿಂದೆ ತಿರುಗಿ ನೋಡುತ್ತಿದ್ದಳು.

“ಕೂಡಿಸಬಲ್ಲೆಯಾ?” ಎಂದರು ಗುರುಪಾದಪ್ಪ.

ಹುಲಿಗಿ ಬಲಗೈಯಿಂದ ನಡುವಿನ ಚೂರು ಎತ್ತಿದಳು. ‘ಗಾರ’. ಉಳಿದೆರಡು ತಟ್ಟೆಯಲ್ಲಿ. ಚೂರನ್ನು ಚೂರಿಗೆ ಹಚ್ಚಲು ಬಾಗಿದಳು, ತಟ್ಟೆ ಹಿಡಿದವನು ಹಿಂದಕ್ಕೆ ಎಳೆದುಕೊಂಡ. ಮತ್ತೆ ನಗು. ಅವಳು ಕೈ ಎತ್ತಿ ಹಾಗೇ ನಿಂತಳು. ನನಗೆ ಓಡಬೇಕು ಅನ್ನಿಸಿತು, ಕಾಲು ಮಣ್ಣಿನಲ್ಲಿ ಹೂತಿತ್ತು. ಇಷ್ಟು ದಿನ ನಿಲ್ಲದೆ ಅಲೆದ ಕಾಲು ಬೇಕಾದಾಗ ನಿಂತುಬಿಟ್ಟಿತ್ತು.

ನನಗಿಂತ ಮೊದಲು ಎದ್ದವಳು ಮರಿಯವ್ವ. ಮುದುಕಿ ಕಟ್ಟೆಯ ಮೆಟ್ಟಿಲು ಹತ್ತಿದಳು. ತಟ್ಟೆಯವನ ಮುಖವನ್ನೂ ನೋಡದೆ ‘ಹೊಣೆ’ ಎಂಬ ಚೂರನ್ನು ಬಲಗೈಯಿಂದ ಎತ್ತಿಕೊಂಡು ಮೊಮ್ಮಗಳ ಪಕ್ಕ ನಿಂತಳು. “ಎಲ್ಲಿ ಹಚ್ಚಲಿ ಹೇಳು” ಎಂದಳು.

“ಮುಂದ, ಆಯಿ. ನನ್ನ ಮುಂದ.”

ಅಗಳಿ ಬಿದ್ದ ಸದ್ದು. ಭರಮಪ್ಪ ಯಾವಾಗ ಹತ್ತಿದನೋ, ಕೊನೆಯ ಚೂರು ‘ಇಕೆ’ ಅವನ ಕೈಯಲ್ಲಿತ್ತು. ಅದನ್ನು ಹಿಂದಿನಿಂದ ತಾಗಿಸಿದ. ನಡುವೆ ಒಂದಿಷ್ಟು ಪುಡಿ ಉದುರಿತು. ಮೂವರ ಮೂರು ಕೈ, ನಡುವೆ ಒಂದೇ ಮಾತು.

“ಹೊಣೆಗಾರಿಕೆ” ಎಂದು ಓದಿದಳು ಹುಲಿಗಿ. ಆ ಮಾತು ನಮ್ಮ ಕೇರಿಯಲ್ಲಿ ಯಾರ ಬಾಯಲ್ಲೂ ಬಂದದ್ದಿಲ್ಲ. ಅವಳು ಒಂದೊಂದೇ ತುಂಡನ್ನು ನೋಡುತ್ತ ಹೇಳಿದಳು: “ಹೊಣಿ ಹೊತ್ತಾಂವ ಹೊಣೆಗಾರ. ಅಂವ ಮಾಡಬೇಕಾದ್ದು ಹೊಣೆಗಾರಿಕೆ.” ಆಮೇಲೆ ಬೆನ್ನ ಹಿಂದೆ ಕಟ್ಟಿದ ಕೈಯ ಕಡೆ ಕತ್ತು ತಿರುಗಿಸಿ, “ಇದು ಯಾರದು, ಧಣೇರ?” ಎಂದಳು.

ಗುರುಪಾದಪ್ಪನ ಮುಖ ಕೆಂಪಾಯಿತು. “ನೇಮ ಮುರದ್ರಿ! ಕೂಡಸಬೇಕಾದಾಕಿ ಆಕಿ ಒಬ್ಬಾಕಿ!”

“ಶಾಸ್ತ್ರದಾಗ ಕೂಡಸಬೇಕು ಅಂತ ಐತಿ. ಒಬ್ಬಾಕೀನ ಅಂತ ಎಲ್ಲೈತ್ರಿ?” ಎಂದ ಭರಮಪ್ಪ. “ಬೇಕಾದ್ರ ಎಣಿಸಿ ನೋಡ್ರಿ. ಒಂದು ಕೈಗೆ ಒಂದ ಚೂರು.”

“ಗಂಟು ಇರತೈತಿ” ಎಂದರು ಗುರುಪಾದಪ್ಪ. “ನೀವು ಏನ ಓದ್ರಿ, ಏನ ಹೇಳ್ರಿ, ಗಂಟು ಇರತೈತಿ.” ಹೇಳಿ ಬೆನ್ನು ತಿರುಗಿಸಿದರು. ಮೇಲುಪೇಟೆಯವರು ಏಳತೊಡಗಿದರು. ಅವರ ಪಾಲಿಗೆ ಶಾಸ್ತ್ರ ಮುಗಿದಿತ್ತು.

ಆಗ ನನ್ನ ಕಾಲು ಬಂತು. ಹತ್ತಿ ಹೋಗಿ ಮಗಳ ಬೆನ್ನ ಹಿಂದೆ ನಿಂತೆ. ಬಾರು ಇನ್ನೂ ಹಸಿಯಾಗಿತ್ತು. ಗಂಟಿನ ಒಂದು ಎಳೆ ಹಿಡಿದೆ. ಒಂದು ಕೈಗೆ ಬಿಚ್ಚುವ ಗಂಟಲ್ಲ ಅದು, ಹಾಗೆಂದೇ ಕಟ್ಟುತ್ತಾರೆ. “ಅತ್ತೀ” ಎಂದೆ. ಅವಳಿಗೆ ಮತ್ತೇನೂ ಹೇಳಬೇಕಾಗಲಿಲ್ಲ. ಇಷ್ಟು ವರ್ಷ ಈ ಹುಡುಗಿಯ ಜಡೆಯನ್ನು ನಾವಿಬ್ಬರೂ ಸೇರಿಯೇ ಹೆಣೆದಿದ್ದೆವು, ಸೇರಿಯೇ ಬಿಚ್ಚಿದ್ದೆವು. ಅತ್ತೆ ಕೂಡಿದ ಮಾತನ್ನು ಕೆಳಗಿಡಿಸಿದಳು, ಗಂಟಿನ ಇನ್ನೊಂದು ಎಳೆ ಹಿಡಿದಳು. ನಾನು ಎಳೆದೆ, ಅವಳು ಸಡಿಲ ಬಿಟ್ಟಳು. ಅವಳು ಎಳೆದಳು, ನಾನು ಸಡಿಲ ಬಿಟ್ಟೆ.

“ಉದುರತಾವ! ಎಲ್ಲಾ ಉದುರತಾವ!” ಎಂದು ಗುರುಪಾದಪ್ಪ ಚೀರಿದರು.

ಗಂಟು ಬಿಚ್ಚಿಕೊಂಡಿತು. ಮೇಲುಪೇಟೆಯವರೆಲ್ಲ ಎರಡೂ ಕೈಗಳನ್ನು ತಲೆಯ ಮೇಲೆ ಇಟ್ಟುಕೊಂಡು ಕುಕ್ಕರಗಾಲಿನಲ್ಲಿ ಕೂತರು. ಎರಡು ಕೈ ಇದ್ದವರು ಅವತ್ತು ಮಾಡಿದ ಕೆಲಸ ಅಷ್ಟೇ. ನಾವೂ ಮೇಲೆ ನೋಡಿದೆವು, ಸುಳ್ಳು ಯಾಕೆ ಹೇಳಲಿ, ನನಗೂ ಜೀವ ಬಾಯಿಗೆ ಬಂದಿತ್ತು. ಅಂಗಡಿಗಳ ಹಲಗೆ, ಶಾಲೆಯ ಗೋಡೆ, ಹೊಸ ಔಷಧಾಲಯ. ಒಂದು ಕೊಂಬು ಅಲುಗಲಿಲ್ಲ. ಒಂದು ಕಾಗುಣಿತ ಸಡಿಲಾಗಲಿಲ್ಲ. ಈ ಸುಳ್ಳಿಗಾಗಿಯೇ ನನ್ನವ್ವ ಒಂದೇ ಕೈಯಲ್ಲಿ ನನ್ನನ್ನು ಎತ್ತಿ ಆಡಿಸಿ ಸತ್ತಳು. ಇದಕ್ಕಾಗಿಯೇ.

ಹುಲಿಗಿ ಕೈ ಜಾಡಿಸಿಕೊಂಡಳು. ಯಾರನ್ನೂ ಕೇಳದೆ ನನ್ನ ಬೆನ್ನ ಹಿಂದೆ ಬಂದಳು. ನನ್ನ ಬಾರು ಎಂದೋ ಒಣಗಿ ಕಲ್ಲಾಗಿತ್ತು. ಉಗುಳು ಹಚ್ಚಿ ನೆನೆಸಿ, ಎರಡೂ ಕೈ ಹಾಕಿ, ಕೊನೆಗೆ ಹೊಸಹಲ್ಲಿನಿಂದ ಕಚ್ಚಿ ಎಳೆದಳು. ಅದೇ ಹಲ್ಲು ಬಂತೆಂದು ಅವಳನ್ನು ಇಲ್ಲಿಗೆ ಎಳೆದು ತಂದಿದ್ದರು. ನನ್ನ ಕೈ ಜಾರಿ ಪಕ್ಕಕ್ಕೆ ಬಿತ್ತು, ಯಾರದೋ ಕೈ ನನಗೆ ನೇತುಹಾಕಿದ ಹಾಗೆ. ಕೆಳಗಿನ ಸಾಲು ಆಗಲೇ ಕಟ್ಟೆಯ ಹತ್ತಿರ ಸರಿದಿತ್ತು. ಹೆಂಗಸರು ಒಬ್ಬರಿಗೊಬ್ಬರು ಬೆನ್ನು ಕೊಟ್ಟು ನಿಲ್ಲುತ್ತಿದ್ದರು. “ನನ್ನದು ಕಡೀಕ ಬಿಚ್ಚು ತಂಗಿ, ನನಗ ತುರಿಸಿಕೊಳ್ಳೂದು ಬಾಳ ಐತಿ, ತಡ ಆಗತೈತಿ” ಎಂದ ಭರಮಪ್ಪ. ನಗುತ್ತಿದ್ದ, ಕಣ್ಣು ಒದ್ದೆಯಾಗಿದ್ದವು.

ಹುಲಿಗಿ ಅಜ್ಜಿಯ ಗಂಟು ಬಿಚ್ಚಿದಾಗ ಆ ಕೈ ಕೆಳಗಿಳಿಯಲಿಲ್ಲ. ಬೆನ್ನಿಗೇ ಅಂಟಿ ನಿಂತಿತು. ನಾನು ಹೋಗಿ ಮೆಲ್ಲಗೆ, ಎರಡೂ ಕೈಯಿಂದ, ಅದನ್ನು ಮುಂದಕ್ಕೆ ತಂದೆ. ಹಲ್ಲು ಬಂದ ವರ್ಷದಿಂದ ಮರಿಯವ್ವ ತನ್ನ ಎಡಗೈಯನ್ನು ಕಂಡಿರಲಿಲ್ಲ. ಅಂಗೈ ಎಳೆಮಗುವಿನದರಂತೆ ಇತ್ತು, ಒಂದು ಬಿರುಕಿಲ್ಲ, ಒಂದು ಗಾಯವಿಲ್ಲ. “ಇಷ್ಟ ಸಣ್ಣದೇನ ಬೇ ಇದು?” ಎಂದಳು.

ದೂರದಲ್ಲಿ ಬಿಡುಗಾಳಿ ಏಳುತ್ತಿತ್ತು, ಪ್ರತಿ ವರ್ಷ ಏಳುವ ಹಾಗೆ. ಮೇಲುಪೇಟೆಯ ಕೊನೆಯ ಅಂಗಡಿಯ ಹಲಗೆಯಿಂದ ಮೊದಲ ಚೂರು ಬಿತ್ತು, ಆಮೇಲೆ ಇನ್ನೊಂದು. ಯಾರೂ ಪೊರಕೆ ಹುಡುಕಲಿಲ್ಲ. ಹುಲಿಗಿ ಓಡಿ ಹೋಗಿ ಎರಡನ್ನೂ ಆರಿಸಿ ತಂದಳು, ಎರಡೂ ಕೈಯಲ್ಲಿ ಒಂದೊಂದು. ಒಂದನ್ನು ಅಜ್ಜಿಯ ಬಲಗೈಗೆ ಕೊಟ್ಟಳು. ಇನ್ನೊಂದನ್ನು ಎಡಗೈಯಲ್ಲಿ ಇಟ್ಟಳು. ಆ ಬೆರಳುಗಳು ಮಡಚಲಿಲ್ಲ, ಅವಳೇ ಒಂದೊಂದಾಗಿ ಮಡಚಿದಳು.

“ಕೂಡಿಸು ಆಯಿ” ಎಂದಳು.

ಮುದುಕಿ ಎರಡೂ ಕೈಗಳನ್ನು ಹತ್ತಿರ ತಂದಳು. ಚೂರುಗಳು ಒಂದರ ಪಕ್ಕ ಒಂದು ಬಂದವು, ತಪ್ಪಿದವು, ಮತ್ತೆ ಬಂದವು. ನಾವೆಲ್ಲ ಅಗಳಿ ಬಿದ್ದಂಥ ಆ ಸದ್ದಿಗಾಗಿ ಕಾಯುತ್ತ ನಿಂತೆವು.